ಬೀಗದ ಕೈ ಕೊಟ್ಟ ಮಾತ್ರಕ್ಕೆ ಮನೆ ಬಿಟ್ಟಂತಲ್ಲ

ಕುವೈತ್‌ನಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರಿಗೆ, ಊರಲ್ಲಿ ಅವರ ದಾರಿ ಕಾಯುವವರಿಗೆ ಕೆಲವು ಮಾತು

ಖಾಲಿ ಮನೆಯಲ್ಲಿ ಮಾತಾಡಿದರೆ ನಮ್ಮ ದನಿ ನಮಗೇ ತಿರುಗಿ ಕೇಳುತ್ತದೆ. ಕಳೆದ ಅಕ್ಟೋಬರ್‌ನ ಒಂದು ರಾತ್ರಿ ಕುವೈತ್‌ನ ಮಂಗಾಫ್‌ನಲ್ಲಿ ನಾವಿಬ್ಬರೂ ನಮ್ಮ ಫ್ಲ್ಯಾಟಿನ ಬರಿ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದೆವು. ಮಂಚ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಒಂದೊಂದಾಗಿ ಬೇರೆಯವರ ಮನೆ ಸೇರಿದ್ದವು. ಉಳಿದದ್ದು ನಾಲ್ಕು ಸೂಟ್‌ಕೇಸು, ಚಹಾಕ್ಕೆ ಒಂದು ಕೆಟಲ್, ಎರಡು ಕಾಗದದ ಲೋಟ. ಅಷ್ಟು ಹೊತ್ತಿಗೆ ಊರಿಂದ ಅಮ್ಮ ಫೋನ್ ಮಾಡಿದರು.

"ಎಲ್ಲ ಮುಗೀತಲ್ಲ? ಇನ್ನು ವಿಮಾನ ಹತ್ತುವುದೊಂದೇ ಬಾಕಿ ಅಲ್ವಾ?"

"ಇಲ್ಲ ಅಮ್ಮ, ಇನ್ನೂ ಒಂದು ಕಾಗದ ಬರಬೇಕು."

"ಮನೆ ಖಾಲಿ ಆಯ್ತು ಅಂದ್ರಿ. ಇನ್ನೆಂಥ ಕಾಗದ?"

ಅಮ್ಮ ಕೇಳಿದ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಾವೂ ಕೇಳಿದ್ದೆವು. ಅದಕ್ಕೆ ಉತ್ತರ ಕಲಿಯಲು ನಮಗೆ ಒಂದು ತಿಂಗಳ ಬಾಡಿಗೆ ಖರ್ಚಾಗಿತ್ತು. ಗಲ್ಫ್‌ನಲ್ಲಿ ದುಡಿಯುವ ಮಕ್ಕಳು, ಗಂಡಂದಿರು, ಅಣ್ಣತಮ್ಮಂದಿರು ಇರುವ ಮನೆಗಳಲ್ಲಿ ಈ ಪುಟ ಓದುತ್ತಾರೆ ಎಂಬ ಕಾರಣಕ್ಕೆ ಆ ಕಥೆಯನ್ನೂ, ಅದರಿಂದ ಕಲಿತದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ದುಡಿಮೆ ಮೀನಾ ಅಬ್ದುಲ್ಲಾದಲ್ಲಿ, ಮನೆ ಮಂಗಾಫ್‌ನಲ್ಲಿ

ಅರಬ್ಬಿಯಲ್ಲಿ ಮೀನಾ ಎಂದರೆ ಬಂದರು. ಕುವೈತ್ ನಗರದಿಂದ ದಕ್ಷಿಣಕ್ಕೆ, ಸೌದಿ ಗಡಿಯತ್ತ ಹೋಗುವ ದಾರಿಯಲ್ಲಿ, ಕಡಲ ಬದಿಗೆ ಮೀನಾ ಅಬ್ದುಲ್ಲಾ ಇದೆ. ಅಲ್ಲಿನ ತೈಲ ಸಂಸ್ಕರಣಾಗಾರವನ್ನು ಅಮೆರಿಕದ ಅಮಿನಾಯಿಲ್ ಕಂಪನಿ 1958ರಲ್ಲಿ ಕಟ್ಟಿತು. 1970ರ ದಶಕದ ಕೊನೆಗೆ ಅದು ಕುವೈತ್ ಸರ್ಕಾರದ ಕೈಗೆ ಬಂತು. ಮುಂದೆ ಕ್ಲೀನ್ ಫ್ಯೂಯೆಲ್ಸ್ ಯೋಜನೆಯಲ್ಲಿ ಮೀನಾ ಅಬ್ದುಲ್ಲಾ ಮತ್ತು ಮೀನಾ ಅಲ್ ಅಹ್ಮದಿ ಎರಡನ್ನೂ ಸೇರಿಸಿ ದಿನಕ್ಕೆ 8 ಲಕ್ಷ ಬ್ಯಾರೆಲ್ ಸಾಮರ್ಥ್ಯಕ್ಕೆ ಏರಿಸಿದರು. ಆ ವರ್ಷಗಳಲ್ಲಿ ಫಿಟ್ಟರ್, ವೆಲ್ಡರ್, ಸೇಫ್ಟಿ ಆಫೀಸರ್, ಎಂಜಿನಿಯರ್, ಸ್ಟೋರ್ ಕೀಪರ್ ಎಂದು ಸಾವಿರಾರು ಭಾರತೀಯರು ಅಲ್ಲಿ ಬೆವರು ಸುರಿಸಿದ್ದಾರೆ. ನಮ್ಮಿಬ್ಬರಲ್ಲಿ ಒಬ್ಬರು ಅದೇ ಗೇಟಿನಲ್ಲಿ ಹೆಚ್ಚುಕಡಿಮೆ ಹನ್ನೆರಡು ವರ್ಷ ಕಾರ್ಡ್ ತೋರಿಸಿ ಒಳಹೋದವರು.

ಆದರೆ ಮೀನಾ ಅಬ್ದುಲ್ಲಾದಲ್ಲಿ ಸಂಸಾರ ಹೂಡುವವರು ಕಡಿಮೆ. ಅದು ಕಾರ್ಖಾನೆ, ಗೋದಾಮು, ಕಾರ್ಮಿಕರ ಕ್ಯಾಂಪುಗಳ ಜಾಗ. ಹೆಂಡತಿ ಮಕ್ಕಳನ್ನು ಕರೆಸಿಕೊಂಡವರು ಉತ್ತರಕ್ಕೆ ಸರಿದು ಫಹಾಹೀಲ್, ಮಂಗಾಫ್, ಅಬು ಹಲೀಫಾ, ಮಹಬೂಲಾಗಳಲ್ಲಿ ಫ್ಲ್ಯಾಟ್ ಹಿಡಿಯುತ್ತಾರೆ. ಅಲ್ಲಿ ಶಾಲೆ ಇದೆ, ಕೆಳಗಿಳಿದರೆ ಬಕಾಲಾ ಅಂಗಡಿ ಇದೆ, ಕರಿಬೇವು, ಕುಚ್ಚಲಕ್ಕಿ ಸಿಗುತ್ತದೆ. ಬೆಳಗಿನ ಜಾವ ಕಂಪನಿ ಬಸ್ಸು ಬಂದು ಮೀನಾ ಅಬ್ದುಲ್ಲಾಕ್ಕೆ ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ.

ಅಂದರೆ ಇಲ್ಲಿನ ಮನೆ ಕೆಲಸಕ್ಕೆ ಕಟ್ಟಿದ ಮನೆ. ಪ್ರಾಜೆಕ್ಟ್ ಮುಗಿದರೆ, ಕಂಪನಿಗೆ ಹೊಸ ಗುತ್ತಿಗೆ ಸಿಗದಿದ್ದರೆ, ಮಕ್ಕಳ ಓದಿಗೆ ಸಂಸಾರವನ್ನು ಊರಿಗೆ ಕಳಿಸಿದರೆ ಮನೆ ಬಿಡಲೇಬೇಕು. ಕುವೈತ್‌ನಲ್ಲಿ ಹತ್ತು ವರ್ಷ ಇದ್ದವರು ಮೂರು ನಾಲ್ಕು ಸಲವಾದರೂ ಗಂಟುಮೂಟೆ ಕಟ್ಟಿರುತ್ತಾರೆ. ಹಾಗಿದ್ದೂ ಮನೆ ಹುಡುಕುವಾಗ ಇರುವ ಎಚ್ಚರ ಬಿಡುವಾಗ ಇರುವುದಿಲ್ಲ.

260 ದಿನಾರಿನ ಪಾಠ

2016ರಲ್ಲಿ ನಾವು ಮಹಬೂಲಾದ ಒಂದು ಕೋಣೆಯ ಫ್ಲ್ಯಾಟ್ ಬಿಟ್ಟು ಮಂಗಾಫ್‌ಗೆ ಬಂದೆವು. ಮಗಳ ಶಾಲೆ ಹತ್ತಿರವಾಗಲಿ ಎಂಬುದೇ ಕಾರಣ. ಕುವೈತ್‌ನಲ್ಲಿ ಕಟ್ಟಡದ ಮಾಲೀಕರನ್ನು ಬಾಡಿಗೆದಾರರು ಕಣ್ಣಾರೆ ಕಾಣುವುದೇ ಅಪರೂಪ. ಎಲ್ಲಕ್ಕೂ ಹಾರಿಸ್ ಇರುತ್ತಾನೆ. ಕಟ್ಟಡದ ಕಾವಲುಗಾರ ಅವನೇ, ನಲ್ಲಿ ರಿಪೇರಿಗೆ ಜನ ಕರೆಸುವವನು ಅವನೇ, ತಿಂಗಳ ಮೊದಲ ವಾರ ಬಾಡಿಗೆ ಎತ್ತುವವನೂ ಅವನೇ. ಆ ಹಾರಿಸ್ ನಮಗೆ ಒಳ್ಳೆಯವನು. ಮಗಳಿಗೆ ಚಾಕೊಲೇಟ್ ಕೊಡುತ್ತಿದ್ದ. ಮನೆ ಬಿಡುತ್ತೇವೆ ಎಂದು ಬಾಯಲ್ಲಿ ಹೇಳಿದೆವು, ಹೊರಟ ದಿನ ಬೀಗದ ಕೈ ಅವನ ಕೈಗಿಟ್ಟೆವು. "ಖಲಾಸ್, ಖಲಾಸ್" ಎಂದು ಬೆನ್ನು ತಟ್ಟಿದ. ನಾವೂ ಖಲಾಸ್ ಎಂದುಕೊಂಡೆವು.

ಮೂರು ತಿಂಗಳ ಬಳಿಕ ಆ ಕಟ್ಟಡದ ಬಾಡಿಗೆ ನೋಡಿಕೊಳ್ಳುವ ಕಚೇರಿಯಿಂದ ಫೋನ್ ಬಂತು. ಮೂರು ತಿಂಗಳ ಬಾಡಿಗೆ ಬಾಕಿ ಇದೆ, ಒಟ್ಟು 780 ದಿನಾರ್, ಕಟ್ಟದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದರು. ಕರಾರು ಇನ್ನೂ ನಮ್ಮ ಹೆಸರಲ್ಲೇ ಇತ್ತು. ನಾವು ಬಿಟ್ಟಿದ್ದೇವೆ ಎಂದು ಅವರಿಗೆ ಬರಹದಲ್ಲಿ ಯಾರೂ ತಿಳಿಸಿರಲಿಲ್ಲ. ಹಾರಿಸ್‌ನನ್ನು ಕೇಳೋಣವೆಂದರೆ ಅವನು ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗಿಯಾಗಿತ್ತು. ಬೀಗದ ಕೈ ಕೊಟ್ಟದ್ದಕ್ಕೆ ಸಾಕ್ಷಿ ಏನು ಎಂದು ಅವರು ಕೇಳಿದರೆ ನಮ್ಮ ಬಳಿ ಇದ್ದದ್ದು ಒಂದು "ಖಲಾಸ್" ಮಾತ್ರ.

ನಮ್ಮನ್ನು ಆಗ ಪಾರುಮಾಡಿದ್ದು ಒಂದು ಸಣ್ಣ ಕಾರ್ಡು. ಮಂಗಾಫ್‌ಗೆ ಬಂದ ಕೂಡಲೇ ಸಿವಿಲ್ ಐಡಿಯಲ್ಲಿ ವಿಳಾಸ ಬದಲಿಸಿದ್ದೆವು. ಹೊಸ ಮನೆಯ ಬಾಡಿಗೆ ರಸೀದಿಗಳೂ ಇದ್ದವು. ಅದೆಲ್ಲ ತೋರಿಸಿದ ಮೇಲೆ ಕಚೇರಿಯವರು ಮೆತ್ತಗಾದರು. ನೋಟಿಸು ಕೊಡದ ತಪ್ಪಿಗೆ ಒಂದು ತಿಂಗಳ ಬಾಡಿಗೆ ಕಟ್ಟಿ ಮುಗಿಸಿ ಎಂದರು. 260 ದಿನಾರ್. ಆಗಿನ ಲೆಕ್ಕದಲ್ಲಿ ಐವತ್ತೈದು ಸಾವಿರ ರೂಪಾಯಿಗೂ ಮೇಲೆ. ಆ ತಿಂಗಳು ಊರಿಗೆ ದುಡ್ಡು ಕಳಿಸಲಿಲ್ಲ. ಯಾಕೆಂದು ಅಮ್ಮ ಕೇಳಿದಾಗ ಸಂಬಳ ತಡವಾಗಿದೆ ಎಂದು ಸುಳ್ಳು ಹೇಳಿದೆವು.

ಅಂದು ತಿಳಿದದ್ದು ಇಷ್ಟೇ. ಮನೆಯಿಂದ ಸಾಮಾನು ತೆಗೆಯುವುದು ಒಂದು ದಿನದ ಕೆಲಸ. ಮನೆಯಿಂದ ಹೆಸರು ತೆಗೆಯುವುದು ಬೇರೆಯೇ ಕೆಲಸ. ಎರಡನೆಯದು ಮುಗಿಯುವವರೆಗೆ ಕಾಗದದ ಲೆಕ್ಕದಲ್ಲಿ ನಾವು ಅಲ್ಲೇ ವಾಸವಾಗಿರುತ್ತೇವೆ.

ಹೆಸರು ಅಂಟಿಕೊಳ್ಳುವ ಜಾಗಗಳು

ಮೊದಲನೆಯದು ಬಾಡಿಗೆ ಕರಾರು. ಕುವೈತ್‌ನಲ್ಲಿ ಬಾಡಿಗೆಗೆ ಸಂಬಂಧಿಸಿದ ಕಾನೂನು 1978ರದು, 35ನೇ ಸಂಖ್ಯೆಯ ಶಾಸನ. ಅದು ಬಾಡಿಗೆದಾರರಿಗೆ ಸಾಕಷ್ಟು ರಕ್ಷಣೆ ಕೊಡುತ್ತದೆ. ಐದು ವರ್ಷ ಆಗುವ ತನಕ ಬಾಡಿಗೆ ಏರಿಸುವಂತಿಲ್ಲ, ಕೋರ್ಟಿನ ಆದೇಶವಿಲ್ಲದೆ ಹೊರಹಾಕುವಂತಿಲ್ಲ. ಮಾಲೀಕರು ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ಅದನ್ನು ಕೋರ್ಟಿನಲ್ಲಿ ಕಟ್ಟುವ ದಾರಿಯೂ ಇದೆ. ಆದರೆ ಗಡುವು ಬಂದು ಇಪ್ಪತ್ತು ದಿನದೊಳಗೆ ಬಾಡಿಗೆ ಕಟ್ಟದಿದ್ದರೆ ಮಾಲೀಕರು ಮನೆ ಬಿಡಿಸಲು ಕೋರ್ಟಿಗೆ ಹೋಗಬಹುದು. ಕೊನೆಯ ತಿಂಗಳು ಹೇಗೂ ಹೊರಟೆವಲ್ಲ ಎಂದು ಬಾಡಿಗೆ ತಡೆಹಿಡಿಯುವವರು ಇದನ್ನು ನೆನಪಿಡಬೇಕು. ಬಾಕಿಯ ವಿಷಯ ಕೋರ್ಟು ಹತ್ತಿ ತೀರ್ಪಾದರೆ ಪ್ರಯಾಣ ನಿಷೇಧದವರೆಗೂ ಹೋಗಬಹುದು. ಟಿಕೆಟು ಕೈಯಲ್ಲಿದ್ದೂ ವಿಮಾನ ನಿಲ್ದಾಣದಿಂದ ಹಿಂದಿರುಗುವುದೆಂದರೆ ಅದೇ.

ಎರಡನೆಯದು ಸಿವಿಲ್ ಐಡಿ. ಕುವೈತ್‌ನಲ್ಲಿ ಪ್ರತಿ ಫ್ಲ್ಯಾಟಿಗೂ ಸರ್ಕಾರದ ಒಂದು ಸಂಖ್ಯೆ ಇರುತ್ತದೆ. ಯಾವ ಸಂಖ್ಯೆಯ ಮನೆಯಲ್ಲಿ ಯಾರು ಇದ್ದಾರೆ ಎಂಬುದನ್ನು ನಾಗರಿಕ ಮಾಹಿತಿ ಪ್ರಾಧಿಕಾರ ಇಟ್ಟುಕೊಳ್ಳುತ್ತದೆ. ಜನ ಅದನ್ನು ಪಾಸಿ ಎನ್ನುತ್ತಾರೆ. ಮನೆ ಬದಲಿಸಿದವರು 30 ದಿನದೊಳಗೆ ಹೊಸ ವಿಳಾಸ ದಾಖಲಿಸಬೇಕು. ತಪ್ಪಿದರೆ ತಲೆಗೆ 100 ದಿನಾರ್ ತನಕ ದಂಡ ಹಾಕಲು 1982ರ ಕಾನೂನಿನಲ್ಲಿ ಅವಕಾಶವಿದೆ. 2024ರಲ್ಲಿ ಪಾಸಿಯವರು ಹಳೆ ವಿಳಾಸಗಳನ್ನು ಅಳಿಸಲು ಶುರುಮಾಡಿದಾಗ ನೂರಾರು ಜನರ ಹೆಸರು ಸರ್ಕಾರದ ಗೆಜೆಟ್ 'ಕುವೈತ್ ಅಲ್ ಯೌಮ್'ನಲ್ಲಿ ಬಂತು. ಕೆಲವು ಕಟ್ಟಡಗಳು ಕೆಡವಿಯಾಗಿತ್ತು, ಕೆಲವೆಡೆ ಇವರು ಇಲ್ಲಿಲ್ಲ ಎಂದು ಮಾಲೀಕರೇ ತಿಳಿಸಿದ್ದರು. ವಿಳಾಸ ಅಳಿಸಿಹೋದರೆ ಬ್ಯಾಂಕು, ಇಕಾಮಾ ನವೀಕರಣ ಎಲ್ಲದಕ್ಕೂ ತೊಡಕು. ಈಗ ಸಾಹೆಲ್ ಆ್ಯಪ್ ತೆರೆದರೆ ಮೊಬೈಲಿನಲ್ಲೇ ಇಂಥ ಬಹಳಷ್ಟು ವಿಷಯ ನೋಡಿಕೊಳ್ಳಬಹುದು.

ಮೂರನೆಯದು ಕರೆಂಟು ಮತ್ತು ನೀರು. ಅನೇಕ ಕಟ್ಟಡಗಳಲ್ಲಿ ಇದು ಬಾಡಿಗೆಯಲ್ಲೇ ಸೇರಿರುತ್ತದೆ, ಕೆಲವೆಡೆ ಬಾಡಿಗೆದಾರರೇ ಕಟ್ಟಬೇಕು. ಯಾವುದು ಎಂದು ಕರಾರಿನಲ್ಲಿ ನೋಡಿಕೊಳ್ಳಿ. 2023ರ ಸೆಪ್ಟೆಂಬರ್ 1ರಿಂದ ಹೆಸರಲ್ಲಿ ಕರೆಂಟು ನೀರಿನ ಬಾಕಿ ಇರುವ ವಿದೇಶಿಯರು ಅದನ್ನು ಕಟ್ಟದೆ ದೇಶ ಬಿಡುವಂತಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ಆಗಸ್ಟ್‌ನಲ್ಲಿ, ಟ್ರಾಫಿಕ್ ದಂಡಕ್ಕೂ ಇದೇ ನಿಯಮ ಬಂದಿತ್ತು. ಫೋನ್ ಬಾಕಿಯೂ ಬಳಿಕ ಇದೇ ಸಾಲಿಗೆ ಸೇರಿತು. ಐದು ದಿನಾರ್ ಬಾಕಿಗಾಗಿ ನಡುರಾತ್ರಿ ನಿಲ್ದಾಣದಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೌಂಟರ್ ಹುಡುಕುವುದಕ್ಕಿಂತ ಒಂದು ವಾರ ಮುಂಚೆ ನೋಡಿ ಕಟ್ಟುವುದು ವಾಸಿ.

ನಾಲ್ಕನೆಯದು ಮನೆಯ ಇಂಟರ್‌ನೆಟ್. ಒಂದು ವರ್ಷದ ಕರಾರಿಗೆ ಸಹಿ ಹಾಕಿ ಆರು ತಿಂಗಳಿಗೆ ಮನೆ ಬಿಟ್ಟರೂ ಬಿಲ್ಲು ನಿಲ್ಲುವುದಿಲ್ಲ. ಕಂಪನಿಯ ಅಂಗಡಿಗೇ ಹೋಗಿ ರೂಟರ್ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು.

ಸಂಸಾರ ಊರಿಗೆ, ಗಂಡ ಶೇರಿಂಗ್ ರೂಮಿಗೆ

ಈಗ ಹೆಚ್ಚು ಕಾಣುವುದು ಇದು. ಹೆಂಡತಿ ಮಕ್ಕಳು ಊರಿಗೆ ಹೊರಡುತ್ತಾರೆ. ಗಂಡ ಫ್ಲ್ಯಾಟ್ ಬಿಟ್ಟು ಮೂರು ನಾಲ್ಕು ಜನ ಸೇರಿ ಇರುವ ಕೋಣೆಯಲ್ಲಿ ಒಂದು ಮಂಚ ಹಿಡಿಯುತ್ತಾನೆ. ಬಾಡಿಗೆ ಉಳಿಯುತ್ತದೆ, ಊರಿಗೆ ನಾಲ್ಕು ಕಾಸು ಹೆಚ್ಚು ಹೋಗುತ್ತದೆ. ತಪ್ಪೇನಿಲ್ಲ. ಆದರೆ ಆ ಕೋಣೆಯ ಕರಾರು ಬೇರೆ ಯಾರದೋ ಹೆಸರಲ್ಲಿರುತ್ತದೆ. ವಿಳಾಸ ದಾಖಲಿಸಲು ಬೇಕಾದ ಕಾಗದ ಅವರು ಕೊಡುವುದಿಲ್ಲ. ಆಗ ಇವನ ಸಿವಿಲ್ ಐಡಿ ಬಿಟ್ಟ ಮನೆಯಲ್ಲೇ ಉಳಿಯುತ್ತದೆ, ಆ ಮನೆಗೆ ಹೊಸಬರು ಬಂದ ದಿನ ತೊಂದರೆ ಶುರುವಾಗುತ್ತದೆ.

ಇದು ಬರಿ ದಂಡದ ವಿಷಯವೂ ಅಲ್ಲ. 2024ರ ಜೂನ್ 12ರ ಬೆಳಗಿನ ಜಾವ ನಮ್ಮದೇ ಮಂಗಾಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ನೂರ ಎಪ್ಪತ್ತಕ್ಕೂ ಹೆಚ್ಚು ಜನ ಮಲಗಿದ್ದ ಕಟ್ಟಡ ಅದು. ಐವತ್ತರ ಹತ್ತಿರ ಜನ ತೀರಿಕೊಂಡರು. ಅವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು, ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಅಂದು ಬೆಳಿಗ್ಗೆ ಕರ್ನಾಟಕದ ಎಷ್ಟೋ ಮನೆಗಳಿಂದ ಕುವೈತ್‌ಗೆ ಫೋನ್ ಬಂತು. "ನಮ್ಮವನು ಮಂಗಾಫ್‌ನಲ್ಲೇ ಇದ್ದಾನಾ? ಯಾವ ಬಿಲ್ಡಿಂಗು?" ಎಂದು ನಮ್ಮನ್ನೂ ಕೇಳಿದವರಿದ್ದಾರೆ. ತಮ್ಮವರು ಯಾವ ಕಟ್ಟಡದಲ್ಲಿದ್ದಾರೆ ಎಂಬುದು ಎಷ್ಟೋ ಮನೆಯವರಿಗೆ ಗೊತ್ತಿರಲಿಲ್ಲ.

ಆ ದುರಂತದ ಬಳಿಕ ತಪಾಸಣೆ ಬಿಗಿಯಾಯಿತು. ಕಿಕ್ಕಿರಿದ ಕೋಣೆಗಳ ಮೇಲೆ, ನೆಲಮಾಳಿಗೆಯಲ್ಲಿ ಸಾಮಾನು ತುಂಬಿಟ್ಟ ಕಟ್ಟಡಗಳ ಮೇಲೆ ಅಧಿಕಾರಿಗಳ ಕಣ್ಣು ಬಿತ್ತು. ಶೇರಿಂಗ್ ರೂಮಿಗೆ ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ. ಇಲ್ಲಿ ನನ್ನ ಸಿವಿಲ್ ಐಡಿ ವಿಳಾಸ ದಾಖಲಾಗುತ್ತದೆಯೇ? ಬೆಂಕಿ ಬಿದ್ದರೆ ಹೊರಬರಲು ಎಷ್ಟು ದಾರಿ ಇದೆ? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಹತ್ತು ದಿನಾರ್ ಹೆಚ್ಚಾದರೂ ಬೇರೆ ಕಡೆ ನೋಡಿ.

ಈ ಸಲ ಲೆಕ್ಕ ಹಾಕಿ ಹೊರಟೆವು

ಮಗಳು ಕಳೆದ ಜೂನ್‌ನಲ್ಲಿ ಊರಲ್ಲಿ ಪಿಯುಸಿ ಸೇರಿ ಅಜ್ಜಿ ಮನೆಯಲ್ಲಿ ಉಳಿದಳು. ನಾವೂ ಹೊರಡುವುದೆಂದು ತೀರ್ಮಾನಿಸಿದೆವು. 2010ರ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದವರು ಮೂರು ತಿಂಗಳ ನೋಟಿಸು ಕೊಡಬೇಕು. ಜುಲೈ ಮೊದಲ ವಾರ ರಾಜೀನಾಮೆ ಕೊಟ್ಟದ್ದು ಆ ಲೆಕ್ಕಕ್ಕೆ. ಅದೇ ಜುಲೈ 1ರಿಂದ ಖಾಸಗಿ ಕಂಪನಿಗಳ ಇಕಾಮಾದವರು ದೇಶದಿಂದ ಹೊರಗೆ ಹೋಗಲು ಕಂಪನಿಯ ಅನುಮತಿ ಪತ್ರವೂ ಬೇಕೆಂದು ಹೊಸ ನಿಯಮ ಬಂದಿತ್ತು. ಹಾಗಾಗಿ ಟಿಕೆಟ್ ತೆಗೆಯುವ ಅವಸರ ಮಾಡಲಿಲ್ಲ.

ಮೊದಲು ಮಾಡಿದ ಕೆಲಸ ಹಳೆ ಫೈಲು ಬಿಚ್ಚಿದ್ದು. ನಮ್ಮ ಕರಾರಿನಲ್ಲಿ ಒಂದು ತಿಂಗಳ ನೋಟಿಸು ಎಂದಿತ್ತು. ಕೆಲವರ ಕರಾರಿನಲ್ಲಿ ಎರಡು ತಿಂಗಳು ಇರುತ್ತದೆ. ಕರಾರು ಅರಬ್ಬಿಯಲ್ಲಿರುವುದರಿಂದ ಓದಲು ಬಾರದೆ ಸುಮ್ಮನಿರುವವರೇ ಹೆಚ್ಚು. ಅರಬ್ಬಿ ಬಲ್ಲ ಸ್ನೇಹಿತರಿಂದ ಓದಿಸಿ, ಮುಖ್ಯವಾದದ್ದನ್ನು ಕನ್ನಡದಲ್ಲಿ ಪಕ್ಕಕ್ಕೆ ಬರೆದಿಟ್ಟುಕೊಂಡೆವು. ಸೆಪ್ಟೆಂಬರ್ ಮೊದಲ ವಾರವೇ ನೋಟಿಸು ಕೊಟ್ಟೆವು. ಅರಬ್ಬಿ ಮತ್ತು ಇಂಗ್ಲಿಷ್‌ನಲ್ಲಿ ಒಂದೇ ಪುಟ: ಇಂಥ ಕಟ್ಟಡದ ಇಂಥ ಫ್ಲ್ಯಾಟನ್ನು ಅಕ್ಟೋಬರ್ ಕೊನೆಗೆ ಬಿಡುತ್ತೇವೆ ಎಂದು. ಎರಡು ಪ್ರತಿ ಮಾಡಿಸಿ, ಒಂದು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯವರ ಸಹಿ, ಮೊಹರು, ದಿನಾಂಕ ಹಾಕಿಸಿಕೊಂಡೆವು. ಹಾರಿಸ್‌ಗೆ ಹೇಳಿದ್ದು ಆಮೇಲೆ.

ಅಕ್ಟೋಬರ್ ಪೂರ್ತಿ ತಿಂಗಳ ಬಾಡಿಗೆ ಕಟ್ಟಿದೆವು. ಮುಂಗಡವನ್ನೇ ಕೊನೆ ತಿಂಗಳ ಬಾಡಿಗೆಗೆ ಹಿಡಿದುಕೊಳ್ಳಿ ಎಂದು ಕೇಳಿ ನೋಡಿದ್ದೆವು, ಕಚೇರಿಯವರು ಒಪ್ಪಲಿಲ್ಲ. ಜಗಳಕ್ಕೆ ಹೋಗಲಿಲ್ಲ. ಕಟ್ಟಿದ್ದಕ್ಕೆ ರಸೀದಿ ತೆಗೆದುಕೊಂಡೆವು. ಅರಬ್ಬಿಯಲ್ಲಿ ರಸೀದಿಗೆ 'ವಸ್ಲ್' ಎನ್ನುತ್ತಾರೆ. ನಮ್ಮ ಕನ್ನಡದ 'ವಸೂಲಿ' ಕೂಡ ಅದೇ ಬೇರಿನ ಮಾತು. ವಸ್ಲ್ ಇಲ್ಲದ ವಸೂಲಿಗೆ ಬೆಲೆ ಇಲ್ಲ ಎಂದು ನಾವು ತಮಾಷೆಗೆ ಹೇಳುವುದುಂಟು.

ಕೆಲಸ ಬಿಟ್ಟಾಗ ಸಿಗುವ ಹಣದ ಮೇಲೂ ಸ್ವಲ್ಪ ಗಮನವಿರಲಿ. ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ ಬರಬೇಕು. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಹತ್ತು ವರ್ಷ ದಾಟಿದ್ದರೆ ಪೂರ್ತಿ, ಐದರಿಂದ ಹತ್ತರ ನಡುವೆ ಮೂರರಲ್ಲಿ ಎರಡು ಪಾಲು, ಮೂರರಿಂದ ಐದರ ನಡುವೆ ಅರ್ಧ. ಈ ಹಣ ಕೈಗೆ ಬರುವ ಮುಂಚೆಯೇ ಮನೆ ಖಾಲಿ ಮಾಡಿ ಸ್ನೇಹಿತರ ಮನೆಯ ಸೋಫಾದ ಮೇಲೆ ವಾರಗಟ್ಟಲೆ ಮಲಗಿದವರನ್ನು ನೋಡಿದ್ದೇವೆ. ಹಣ ಬರುವ ದಿನ, ಇಕಾಮಾ ರದ್ದಾಗುವ ದಿನ, ಮನೆ ಬಿಡುವ ದಿನ, ವಿಮಾನದ ದಿನ ಇವು ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಎಡವಟ್ಟು ಕಡಿಮೆ.

ಸಾಮಾನು: ಯಾವುದು ಅಲ್ಲಿಗೆ, ಯಾವುದು ಇಲ್ಲಿಗೆ

ಊರಿನವರ ಮನಸ್ಸಿಗೆ ನೋವಾಗಬಾರದು, ಆದರೂ ಹೇಳುತ್ತೇವೆ. "ಆ ದೊಡ್ಡ ಫ್ರಿಜ್ ಹೇಗೂ ತರ್ತೀರಲ್ಲ" ಎನ್ನುವ ಮಾತು ಹೊರಡುವವರಿಗೆ ಭಾರ. ಹತ್ತು ವರ್ಷ ಹಳೆಯ ಫ್ರಿಜ್ಜಿನ ಕಾರ್ಗೋ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಹೊಸದೇ ಬರುತ್ತದೆ, ಗ್ಯಾರಂಟಿ ಸಹಿತ. ನಾವು ಕಾರ್ಗೋಕ್ಕೆ ಹಾಕಿದ್ದು ಪುಸ್ತಕ, ಪಾತ್ರೆ, ಹೊಲಿಗೆ ಮೆಷಿನ್, ಮಗಳ ಬಹುಮಾನದ ಕಪ್ಪುಗಳು. ಪೆಟ್ಟಿಗೆಗೆ ಒಂದೊಂದು ಸಂಖ್ಯೆ ಬರೆದು, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಪಟ್ಟಿ ಮಾಡಿದ್ದೆವು.

ಮಿಕ್ಕದ್ದನ್ನು ಒಂದೂವರೆ ತಿಂಗಳು ಮುಂಚೆಯೇ ಮಾರಲು ಶುರುಮಾಡಿದೆವು. ಕೊನೆ ವಾರ ಮಾರಿದರೆ ಕೊಳ್ಳುವವರು ಹೇಳಿದ್ದೇ ರೇಟು. ಮೊದಲು ಕಟ್ಟಡದ ನೆರೆಹೊರೆ, ಆಮೇಲೆ ನಮ್ಮ ಊರವರ ವಾಟ್ಸ್‌ಆ್ಯಪ್ ಗುಂಪು. ಹೊಸದಾಗಿ ಸಂಸಾರ ಕರೆಸಿಕೊಂಡ ಭಟ್ಕಳದ ಹುಡುಗನೊಬ್ಬ ಮಂಚ, ಊಟದ ಮೇಜು ಎರಡನ್ನೂ ಒಟ್ಟಿಗೆ ಕೊಂಡ. ಯಾರಿಗೂ ಬೇಡದ್ದು ಅಲ್ ರಾಯ್‌ನ ಶುಕ್ರವಾರದ ಸಂತೆಗೆ ಹೋಯಿತು. ಕುವೈತ್‌ನ ಹಳೆ ಸಾಮಾನಿಗೆ ಅಲ್ಲಿ ಎರಡನೇ ಜನ್ಮ. ಅಕ್ಕಿ, ಬೇಳೆ, ಮಸಾಲೆ ಡಬ್ಬಿ ಪಕ್ಕದ ಕಟ್ಟಡದ ಶೇರಿಂಗ್ ರೂಮಿನ ಹುಡುಗರಿಗೆ. ಅವರು ಆ ರಾತ್ರಿಯೇ ಸಾರು ಮಾಡಿ ನಮ್ಮನ್ನೂ ಊಟಕ್ಕೆ ಕರೆದರು.

ಕಾಗದ ಇಟ್ಟುಕೊಂಡವರ ಕಥೆ

ಅದೇ ವಾರ ನಮ್ಮ ಊರಿನ ಕಡೆಯ ಹಿರಿಯರೊಬ್ಬರನ್ನು ಫೋನಿನಲ್ಲಿ ಮಾತಾಡಿಸಿದೆವು. 1990ರಲ್ಲಿ ಅವರು ಕುವೈತ್‌ನಲ್ಲಿದ್ದರು. ಆ ಆಗಸ್ಟ್ 2ರಂದು ಇರಾಕ್ ಸೇನೆ ನುಗ್ಗಿದ ಮೇಲೆ ಇದ್ದಬದ್ದದ್ದನ್ನು ಬಿಟ್ಟು, ಇರಾಕ್ ದಾಟಿ ಜೋರ್ಡಾನ್‌ನ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದವರು. ಏರ್ ಇಂಡಿಯಾ ಆಗ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತ್ತು. ಮನೆ ಖಾಲಿ ಮಾಡುವ ಮಾತೇ ಇರಲಿಲ್ಲ. ಒಲೆಯ ಮೇಲಿನ ಪಾತ್ರೆ ಒಲೆಯ ಮೇಲೇ ಉಳಿಯಿತು ಎಂದರು ಅವರು.

ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ದೇಶ ಬಿಟ್ಟು ಹೊರಟವರಿಗೆ ನಿಗದಿತ ಪರಿಹಾರವಿತ್ತು. ಮನೆ ಸಾಮಾನು, ಸಂಬಳದಂಥ ನಷ್ಟಕ್ಕೆ ಬೇರೆ ಅರ್ಜಿ, ಅದಕ್ಕೆ ಪುರಾವೆ ಬೇಕು. ಹಿರಿಯರ ಪತ್ನಿ ಹೊರಡುವಾಗ ಒಡವೆಯ ಜೊತೆ ಒಂದು ಪ್ಲಾಸ್ಟಿಕ್ ಚೀಲವನ್ನೂ ತಂದಿದ್ದರು. ಅದರಲ್ಲಿ ಬಾಡಿಗೆ ರಸೀದಿ, ಸಿವಿಲ್ ಐಡಿ ಪ್ರತಿ, ಟಿವಿ ಕೊಂಡ ಬಿಲ್ಲು. "ಆ ಚೀಟಿಗಳಿಂದಲೇ ನಮ್ಮ ಅರ್ಜಿ ನಿಂತದ್ದು ಮಾರಾಯ್ರೆ. ಒಡವೆಗಿಂತ ಅದೇ ಹೆಚ್ಚಾಯ್ತು" ಎಂದು ನಕ್ಕರು.

ಅಂಥ ದಿನ ಯಾರಿಗೂ ಬರಬಾರದು. ಆದರೆ ಕಾಗದದ ಚೀಲ ಒಂದು ಎಲ್ಲರ ಮನೆಯಲ್ಲೂ ಇರಬೇಕು.

ಕೊನೆಯ ಬೆಳಿಗ್ಗೆ

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಒಬ್ಬರು, ಜೊತೆಗೆ ನಮ್ಮ ಕಟ್ಟಡದ ಹಾರಿಸ್ ಬಂದರು. ಕೋಣೆ ಕೋಣೆ ನೋಡಿದರು. ಎ.ಸಿ. ಹಾಕಿ ನೋಡಿದರು, ನಲ್ಲಿ ತಿರುಗಿಸಿ ನೋಡಿದರು. ನಾವೂ ಹಿಂದಿನ ದಿನವೇ ಪ್ರತಿ ಗೋಡೆ, ಬಚ್ಚಲು, ಅಡುಗೆಮನೆ, ಕರೆಂಟಿನ ಮೀಟರಿನ ಫೋಟೊ, ವಿಡಿಯೊ ತೆಗೆದಿಟ್ಟಿದ್ದೆವು. ಮನೆಗೆ ಬಂದ ದಿನದ ಫೋಟೊಗಳೂ ಹಳೆ ಫೋನಿನಲ್ಲಿದ್ದವು. ಅಡುಗೆಮನೆಯ ಬಿರುಕು ಬಿಟ್ಟ ಟೈಲ್ಸಿಗೆ ದುಡ್ಡು ಹಿಡಿಯಲು ಹೊರಟಾಗ ಆ ಹಳೆ ಫೋಟೊ ತೋರಿಸಿದೆವು. ಬಿರುಕು ನಾವು ಬರುವಾಗಲೇ ಇತ್ತು. ಅವರು ಮಾತಾಡಲಿಲ್ಲ.

ಮಗಳ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಪೆನ್ಸಿಲ್ ಗೆರೆಗಳು. ಪ್ರತಿ ಹುಟ್ಟುಹಬ್ಬಕ್ಕೆ ಅವಳ ಎತ್ತರ ಅಳೆದು ಎಳೆದದ್ದು. ಬಣ್ಣಕ್ಕೆ 25 ದಿನಾರ್ ಹಿಡಿಯುತ್ತೇವೆ ಎಂದರು. ಅದು ನಮ್ಮದೇ ಗೆರೆ, ಒಪ್ಪಿಕೊಂಡೆವು. ಮುಂಗಡದ 280ರಲ್ಲಿ 255 ದಿನಾರ್ ಎಣಿಸಿ ಕೊಟ್ಟರು.

ಆಮೇಲೆ ಆ ಕಾಗದ ಬಂತು. ಅರಬ್ಬಿಯಲ್ಲಿ ಅದನ್ನು 'ಬರಾಅತ್ ಜಿಮ್ಮಾ' ಎನ್ನುತ್ತಾರೆ, ಬಾಕಿ ಇಲ್ಲದ ಪತ್ರ. ಇಂಥವರು ಇಂಥ ದಿನ ಫ್ಲ್ಯಾಟ್ ಒಪ್ಪಿಸಿದ್ದಾರೆ, ಇಷ್ಟು ಬೀಗದ ಕೈ ಕೊಟ್ಟಿದ್ದಾರೆ, ಬಾಡಿಗೆ ಬಾಕಿ ಇಲ್ಲ, ಕರಾರು ಮುಗಿದಿದೆ ಎಂದು ನಾಲ್ಕು ಸಾಲು, ಕೆಳಗೆ ಸಹಿ, ಮೊಹರು. ಕಾಗದ ಕೈಗೆ ಬಂದ ಮೇಲೆ ಬೀಗದ ಕೈ ಕೊಟ್ಟೆವು, ಅದಕ್ಕೆ ಮುಂಚೆ ಅಲ್ಲ. ಹಾರಿಸ್ ನಕ್ಕು "ಖಲಾಸ್, ಭಾಯ್ ಸಾಬ್?" ಎಂದ. ಈ ಸಲ ನಿಜಕ್ಕೂ ಖಲಾಸ್.

ಕಾಗದದ ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆವು. "ಅರಬ್ಬಿ ನನಗೆಲ್ಲಿ ಓದಲು ಬರ್ತದೆ? ಆದರೂ ಇಟ್ಕೊಳ್ತೇನೆ" ಎಂದರು. 2016ರಲ್ಲಿ ಸಂಬಳ ತಡವಾಗಿದೆ ಎಂದು ಹೇಳಿದ ಸುಳ್ಳನ್ನು ಆಗ ಒಪ್ಪಿಕೊಂಡೆವು. "ನನಗೆ ಅವತ್ತೇ ಗೊತ್ತಿತ್ತು" ಎಂದರು ಅಮ್ಮ.

ಊರಲ್ಲಿರುವವರಿಗೆ

ನಿಮ್ಮಿಂದಲೂ ಆಗುವ ಕೆಲಸಗಳಿವೆ. ನಿಮ್ಮವರ ಬಾಡಿಗೆ ಕರಾರು, ಸಿವಿಲ್ ಐಡಿಯ ಎರಡೂ ಬದಿ, ಪಾಸ್‌ಪೋರ್ಟ್‌ನ ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ಕಟ್ಟಡದ ಹೆಸರು, ಬ್ಲಾಕ್, ರಸ್ತೆ, ಫ್ಲ್ಯಾಟ್ ಸಂಖ್ಯೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮನೆ ಬದಲಿಸಿದೆ ಎಂದು ಮಗ ಹೇಳಿದರೆ "ಬಾಡಿಗೆ ಎಷ್ಟು?" ಎಂದು ಕೇಳುವ ಜೊತೆಗೆ "ಸಿವಿಲ್ ಐಡಿ ಬದಲಿಸಿದೆಯಾ? ಹಳೆ ಮನೆಯಿಂದ ಪತ್ರ ಬಂತಾ?" ಎಂದೂ ಕೇಳಿ. ಗೃಹಪ್ರವೇಶಕ್ಕೋ ಮದುವೆಗೋ ಬೇಗ ಬಾ ಎಂದು ಅವಸರಪಡಿಸಿ, ಲೆಕ್ಕ ಮುಗಿಯುವ ಮುಂಚೆಯೇ ಟಿಕೆಟ್ ತೆಗೆಯುವಂತೆ ಮಾಡಬೇಡಿ. ಕೊನೆ ತಿಂಗಳಲ್ಲಿ ಅವರ ಕೈಯಲ್ಲಿ ಹಣ ಬಿಗಿಯಿರುತ್ತದೆ. ಆ ಒಂದು ತಿಂಗಳು ಊರಿಗೆ ಕಡಿಮೆ ಬಂದರೆ ಕಾರಣ ಕೇಳಿ, ಆದರೆ ಸುಳ್ಳು ಹೇಳುವ ಸ್ಥಿತಿಗೆ ತರಬೇಡಿ. ಏನಾದರೂ ತೊಡಕಾದರೆ ಕುವೈತ್‌ನ ಭಾರತೀಯ ರಾಯಭಾರ ಕಚೇರಿ ಇದೆ. ಕುವೈತ್ ಕನ್ನಡ ಕೂಟ, ತುಳು ಕೂಟದಂಥ ನಮ್ಮವರ ಸಂಘಗಳಿವೆ, ಅರಬ್ಬಿ ಓದಿ ಹೇಳುವ ಹಳಬರು ಅಲ್ಲಿ ಸಿಗುತ್ತಾರೆ.

ಆ ರಾತ್ರಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಮ್ಮ ಪಾಸ್‌ಪೋರ್ಟ್ ನೋಡಿದವರು ಎರಡು ನಿಮಿಷವೂ ತಡೆಯಲಿಲ್ಲ. ಹೆಸರಿನ ಮುಂದೆ ಏನೂ ಬಾಕಿ ಇರಲಿಲ್ಲ. ಹಿಂದಿರುಗಿ ಬಂದ ಮೇಲೆ ಆ ಫೈಲನ್ನು ಊರಿನ ಮನೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಮಗಳು ಗೋಡೆಯ ಗೆರೆಗಳ ಫೋಟೊ ಕೇಳಿದಳು, ಪ್ರಿಂಟ್ ಹಾಕಿಸಿ ಅದರಲ್ಲೇ ಸೇರಿಸಿದ್ದೇವೆ.